ಮಾತಾಡೋದು ಕಲಿಸ್ತೀರಿ, ಕೇಳಿಸಿಕೊಳ್ಳೋದನ್ನು ಯಾರು ಕಲಿಸ್ತಾರೆ?

ಡಿಗ್ರಿ ಮುಗಿಸಿದ ತಿ. ನರಸೀಪುರದ ಹುಡುಗಿಗೋ, ಐಟಿಐ ಮಾಡಿದ ನಂಜನಗೂಡಿನ ಹುಡುಗನಿಗೋ ಕೆಲಸ ಸಿಗಲಿಲ್ಲ ಅಂದ್ರೆ ಥಟ್ಟನೆ ಸಿಗುವ ಉತ್ತರ ಒಂದೇ: ‘ಕಮ್ಯುನಿಕೇಶನ್ ಸ್ಕಿಲ್ ಇಲ್ಲ’. ಪರಿಹಾರವೂ ರೆಡಿ. ಒಂದೆರಡು ದಿನದ ತರಬೇತಿ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ, ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಳ್ಳಿ, ‘ಪಾಸಿಟಿವ್’ ಆಗಿರಿ.

ಇದೆಲ್ಲ ದಂಡ ಅಂತಲ್ಲ. ಮನೆಯಲ್ಲಿ ಮೊದಲ ಸಲ ಸಂಬಳದ ಕೆಲಸಕ್ಕೆ ಹೊರಟವರಿಗೆ ಆ ಧೈರ್ಯ ಬೇಕೇ ಬೇಕು. ಆದರೆ ಗೇಟ್ ದಾಟಿದ ಮೇಲೆ ಏನು? ತಾಂಡವಪುರ, ಅಡಕನಹಳ್ಳಿ, ಹಿಮ್ಮಾವಿನಂಥ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವ ಗುತ್ತಿಗೆ ಕಾರ್ಮಿಕ ಓಟಿ ಲೆಕ್ಕ ತಪ್ಪಿದೆ ಅಂತ ಹೇಳಬೇಕು ಅಂದುಕೊಳ್ಳಿ. ಸೂಪರ್‌ವೈಸರ್ ‘ಕಂಟ್ರಾಕ್ಟರ್‌ನ ಕೇಳು’ ಅಂದು, ಕಂಟ್ರಾಕ್ಟರ್ ‘ಕಂಪನಿಯವರನ್ನ ಕೇಳು’ ಅಂದರೆ, ಯಾವ ಇಂಗ್ಲಿಷ್ ತಾನೇ ಕೈ ಹಿಡಿಯುತ್ತೆ?

ಕೋಲಾರದ ನರಸಾಪುರ ನೆನಪಿದೆಯಾ? 2020ರ ಡಿಸೆಂಬರ್ 12ರಂದು ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ ಗಲಭೆಯಾಯಿತು. ಗಾಜು ಒಡೆದ ವಿಡಿಯೊಗಳನ್ನು ಎಲ್ಲರೂ ನೋಡಿದರು. ಆಮೇಲೆ ಹೊರಬಂದದ್ದು ಬೇರೆಯೇ ಕಥೆ. ಕಾರ್ಮಿಕರ ಸಂಖ್ಯೆ ಸುಮಾರು 5,000ದಿಂದ 10,500ಕ್ಕೆ ಏರಿತ್ತು, ಬಹುಪಾಲು ಗುತ್ತಿಗೆಯವರು. ಅದಕ್ಕೆ ತಕ್ಕಂತೆ ಎಚ್‌ಆರ್ ವಿಭಾಗ ಬೆಳೆದಿರಲಿಲ್ಲ ಎಂದು ಸರ್ಕಾರಿ ತನಿಖೆಯೇ ಹೇಳಿತು. ಕೆಲವರ ಸಂಬಳ ತಡವಾಗಿದ್ದು ನಿಜ ಎಂದು ಆಪಲ್ ಒಪ್ಪಿಕೊಂಡಿತು, ವಿಸ್ಟ್ರಾನ್ ಕ್ಷಮೆ ಕೇಳಿತು. ಅಲ್ಲಿ ಕೊರತೆಯಿದ್ದದ್ದು ಕಾರ್ಮಿಕರ ಮಾತಿಗಲ್ಲ, ಆ ಮಾತು ತಲುಪುವ ದಾರಿಗೆ.

ಆ ದಾರಿ ಕಾನೂನಿನಲ್ಲಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಪ್ರಕಾರ, 20 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕುಂದುಕೊರತೆ ಪರಿಹಾರ ಸಮಿತಿ ಇರಲೇಬೇಕು. ಮಾಲೀಕರ ಕಡೆಯವರೂ ಕಾರ್ಮಿಕರೂ ಅದರಲ್ಲಿ ಸಮಸಮ. ಹೆಣ್ಣುಮಕ್ಕಳಿಗೂ ತಕ್ಕ ಪ್ರಾತಿನಿಧ್ಯ. ದೂರಿನ ವಿಚಾರಣೆ 30 ದಿನದಲ್ಲಿ ಮುಗಿಯಬೇಕು. ಹಾಗಂತ ಈ ಸಂಹಿತೆ ಕಾರ್ಮಿಕಸ್ನೇಹಿ ಅಂದುಕೊಳ್ಳಬೇಡಿ. ಸೇವಾ ನಿಯಮಗಳನ್ನು ಬರೆದಿಡುವ ಕಡ್ಡಾಯವನ್ನು ಇದೇ ಸಂಹಿತೆ 300 ಕಾರ್ಮಿಕರಿರುವ ಕಾರ್ಖಾನೆಗಳವರೆಗೆ ಮೇಲೇರಿಸಿದೆ. ಅದಕ್ಕಿಂತ ಚಿಕ್ಕ ಘಟಕದಲ್ಲಿ ನಿಯಮ ಏನು ಅಂತ ಕೇಳೋದೇ ‘ಎದುರುತ್ತರ’ ಆಗಿಬಿಡಬಹುದು.

ಹಾಗಾಗಿ ತರಬೇತಿ ಬೇಕು, ಆದರೆ ತಿರುಗಿಸಿ. ಹೊರರಾಜ್ಯದಿಂದ ಬಂದ ಮ್ಯಾನೇಜರ್‌ಗೆ ಕೆಲಸಕ್ಕಾಗುವಷ್ಟು ಕನ್ನಡ ಕಲಿಸಿ. ಗದರದೆ ದೂರು ಕೇಳೋದನ್ನು ಸೂಪರ್‌ವೈಸರ್‌ಗೆ ಕಲಿಸಿ. ಸಂಬಳದ ಚೀಟಿ, ಸುರಕ್ಷತೆಯ ಸೂಚನೆ ಕನ್ನಡದಲ್ಲಿರಲಿ. ಕಾಲೇಜಿನ ತರಬೇತಿಯಲ್ಲಿ ರೆಸ್ಯೂಮೆ ಜೊತೆಗೆ ದೂರು ಬರೆಯೋದನ್ನೂ ಹೇಳಿಕೊಡಿ.

ಮುಂದಿನ ಸಲ ಇಂಟರ್‌ವ್ಯೂ ಕೊನೆಗೆ ‘ಏನಾದ್ರೂ ಕೇಳೋದಿದೆಯಾ?’ ಅಂದಾಗ ಸುಮ್ಮನಿರಬೇಡಿ. ‘ಇಲ್ಲಿ ಕುಂದುಕೊರತೆ ಸಮಿತಿಯಲ್ಲಿ ಯಾರ್ಯಾರಿದ್ದಾರೆ ಸರ್?’ ಅಂತ ಕೇಳಿ. ಕಮ್ಯುನಿಕೇಶನ್ ಸ್ಕಿಲ್ ಯಾರಿಗಿಲ್ಲ ಅನ್ನೋದು ಅಲ್ಲೇ ಗೊತ್ತಾಗುತ್ತೆ.