ಹತ್ತುಮೀನು ಉಳಿಯಲು ಹಳ್ಳ-ಗದ್ದೆಗಳ ನಂಟು ಉಳಿಯಬೇಕು

ಮುಂಗಾರಿನ ಮೊದಲ ನೆರೆಯೊಡನೆ ಮಲೆನಾಡಿನ ಹೊಳೆಮೀನುಗಳು ಹಳ್ಳಗಳನ್ನು ಹಿಡಿದು ಗದ್ದೆಗಳಿಗೆ ಏರುವುದನ್ನು ತಾವು ಬಲ್ಲಿರಿ. ಹತ್ತುಮೀನು ಎಂದು ಕರೆಯಲ್ಪಡುವ ಇವುಗಳ ಈ ಪಯಣ ಮೊಟ್ಟೆಯಿಡುವುದಕ್ಕಾಗಿ. ಗದ್ದೆಯ ತೆಳುನೀರಿನಲ್ಲಿ ಹರಿವಿನ ರಭಸವಿಲ್ಲ. ಮರಿಗಳಿಗೆ ಆಹಾರವಾಗುವ ಸೂಕ್ಷ್ಮಜೀವಿಗಳು ಹೇರಳವಾಗಿವೆ.

ಈ ಮೀನುಗಳು ವಿರಳವಾಗಲು ರಾತ್ರಿಯ ಶಿಕಾರಿಯೊಂದೇ ಕಾರಣವಲ್ಲ. ಆವಾಸವೇ ಕುಗ್ಗುತ್ತಿದೆ. ಭತ್ತದ ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ಹಳ್ಳಗಳನ್ನು ನೇರಗೊಳಿಸಿ ಕಾಂಕ್ರೀಟ್ ಗೋಡೆ ಕಟ್ಟಲಾಗುತ್ತಿದೆ. ಮೋರಿಯ ಹೊರಬಾಯಿ ಹಳ್ಳದ ತಳಕ್ಕಿಂತ ಎತ್ತರದಲ್ಲಿದ್ದರೆ ಬಹುತೇಕ ಮೀನುಗಳು ಅದನ್ನು ದಾಟಲಾರವು.

ಮೀನುಮರಿ ಬಿತ್ತನೆಯಿಂದಷ್ಟೇ ಈ ನಷ್ಟ ತುಂಬುವುದಿಲ್ಲ. ಕಾವೇರಿ ಕೊಳ್ಳಕ್ಕೆ ಸೀಮಿತವಾದ ಡುಬ್ಬದ ಮಹಶೀರ್ 2018ರಲ್ಲಿ ಐಯುಸಿಎನ್ ಕೆಂಪು ಪಟ್ಟಿಯ ಅತಿಗಂಭೀರ ಅಪಾಯದ ವರ್ಗಕ್ಕೆ ಸೇರಿತು. ಅದೇ ನದಿಗೆ ಹಲವು ವರ್ಷ ಬಿಡಲಾದದ್ದು ನೀಲಿ ರೆಕ್ಕೆಯ ಮಹಶೀರ್ ಎಂಬ ಬೇರೊಂದು ಪ್ರಭೇದದ ಮರಿಗಳನ್ನು. ಮರಿಗಳ ಸಂಖ್ಯೆ ಹೆಚ್ಚಿತು. ಸ್ಥಳೀಯ ಮೀನು ಅಳಿವಿನಂಚಿಗೆ ತಲುಪಿದ ಸ್ಥಿತಿ ಒದಗಿದೆ.

ಅಡಿಕೆಯ ಆದಾಯವನ್ನು ತ್ಯಜಿಸಿರೆಂದು ಹೇಳುವುದು ವಾಸ್ತವವಲ್ಲ. ಆದರೆ ಹಳ್ಳಕ್ಕೆ ತಾಗಿದ, ನೀರು ನಿಲ್ಲುವ ತಗ್ಗಿನ ಮಡಿಯಲ್ಲಿ ಅಡಿಕೆಯ ಬೇರು ಕೊಳೆಯುವ ಸಂಭವವೇ ಹೆಚ್ಚು. ಅಂತಹ ಮಡಿಯನ್ನು ಭತ್ತಕ್ಕೇ ಉಳಿಸಿದರೆ ರೈತರಿಗೂ ಮೀನಿಗೂ ಹಿತ.

ರೈತ ಬಾಂಧವರು ಅನುಸರಿಸಬೇಕಾದ ಕ್ರಮಗಳು:

• ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಮುಂಗಾರಿಗೆ ಮೊದಲೇ ತೆಗೆಯಿರಿ.
• ಎತ್ತರದ ಮೋರಿಯ ಕೆಳಗೆ ದಪ್ಪ ಕಲ್ಲುಗಳನ್ನು ಮೆಟ್ಟಿಲಿನಂತೆ ಜೋಡಿಸಿ, ಮೀನು ಏರಲು ದಾರಿ ಮಾಡಿರಿ.
• ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕಾಲವೂ ಮೀನಿನ ಸಂತಾನಕಾಲವೂ ಒಂದೇ. ತಾಮ್ರವು ಮೀನುಮರಿಗಳಿಗೆ ವಿಷ. ಡ್ರಮ್, ಸ್ಪ್ರೇಯರ್‌ಗಳನ್ನು ಹಳ್ಳದಲ್ಲಿ ತೊಳೆಯಬೇಡಿರಿ. ಉಳಿದ ದ್ರಾವಣವನ್ನು ಹಳ್ಳಕ್ಕೆ ಚೆಲ್ಲಬೇಡಿರಿ.
• ಹಳ್ಳದಂಚಿನಲ್ಲಿ ಹೊಳೆಮತ್ತಿ, ಹೊಂಗೆ, ನೇರಳೆ, ವಾಟೆಗಳನ್ನು ಬೆಳೆಸಿರಿ. ಇವುಗಳ ಬೇರು ದಂಡೆಯ ಮಣ್ಣನ್ನು ಹಿಡಿಯುತ್ತದೆ, ನೆರಳು ನೀರನ್ನು ತಂಪಾಗಿಡುತ್ತದೆ.
• ಮೊಟ್ಟೆ ತುಂಬಿದ ಮೀನನ್ನು ಏರುವ ದಾರಿಯಲ್ಲಿ ಹಿಡಿಯಬೇಡಿರಿ.
• ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಬೇಡಿರಿ. ನೆರೆಯಲ್ಲಿ ತಪ್ಪಿಸಿಕೊಂಡರೆ ಅದು ಸ್ಥಳೀಯ ಮೀನುಗಳನ್ನು ತಿನ್ನುತ್ತದೆ.

ವಿಸ್ತರಣಾ ಕಾರ್ಯಕರ್ತರು ಗ್ರಾಮ ಪಂಚಾಯಿತಿಯ ಹಳ್ಳ ಕಾಮಗಾರಿಗಳ ಕ್ರಿಯಾಯೋಜನೆ ಸಿದ್ಧವಾಗುವ ಹಂತದಲ್ಲಿಯೇ ಮೀನುಗಾರಿಕೆ ಇಲಾಖೆಯೊಡನೆ ಸಮಾಲೋಚಿಸುವುದು ಸೂಕ್ತ. ಗೋಡೆ ಅನಿವಾರ್ಯವಾದಲ್ಲಿ, ಮೀನು ಏರುವ ಜಾಗಗಳನ್ನು ಊರಿನ ಹಿರಿಯರಿಂದ ಕೇಳಿ ಗುರುತಿಸಿ, ಅಲ್ಲಿ ದಂಡೆಯನ್ನು ತೆರೆದಿಡಲು ಸೂಚಿಸಬೇಕು. ಗೋಡೆ ಎದ್ದ ಮೇಲೆ ದಾರಿ ತೆರೆಯುವುದು ದುಬಾರಿ. ನಕ್ಷೆಯಲ್ಲಿಯೇ ಉಳಿಸಿಕೊಳ್ಳುವುದು ಸುಲಭ.