ಪೈಲಟ್‌ಗಳ ಕೊರತೆ ಇರುವುದು ಎಡಗಡೆಯ ಆಸನಕ್ಕೆ

ದೇಶದಲ್ಲಿ ಪೈಲಟ್‌ಗಳ ಅಭಾವವಿದೆ ಎಂಬ ಮಾತು ಕೆಲವು ವರ್ಷಗಳಿಂದ ಕೇಳಿಬರುತ್ತಲೇ ಇದೆ. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳ ಖರೀದಿಯನ್ನು ಪ್ರಕಟಿಸಿತು. ಅದೇ ವರ್ಷ ಜೂನ್‌ನಲ್ಲಿ ಇಂಡಿಗೋ ಒಂದೇ ಏಟಿಗೆ 500 ವಿಮಾನಗಳ ಒಪ್ಪಂದಕ್ಕೆ ಸಹಿ ಹಾಕಿತು. ಮುಂದಿನ 15-20 ವರ್ಷಗಳಲ್ಲಿ 30 ಸಾವಿರ ಪೈಲಟ್‌ಗಳು ಬೇಕಾಗುತ್ತಾರೆಂದು ಕೇಂದ್ರ ನಾಗರಿಕ ವಿಮಾನಯಾನ ಸಚಿವರೇ 2025ರಲ್ಲಿ ಹೇಳಿದರು. ತರಬೇತಿ ಶಾಲೆಗಳ ಪ್ರಚಾರಕ್ಕೆ ಇದಕ್ಕಿಂತ ಒಳ್ಳೆಯ ಸರಕು ಬೇಕೆ? ವೈದ್ಯಕೀಯ, ಎಂಜಿನಿಯರಿಂಗ್ ಬಿಟ್ಟರೆ ಬೇರೆ ದಾರಿಯಿಲ್ಲ ಎಂದುಕೊಂಡಿದ್ದ ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗದ ಮಧ್ಯಮ ವರ್ಗದ ಮನೆಗಳಲ್ಲಿ ಮೂರನೆಯ ಆಯ್ಕೆಯೊಂದು ಚರ್ಚೆಗೆ ಬಂದಿತು.

ಪರಿಣಾಮ ಅಂಕಿಗಳಲ್ಲಿಯೇ ಕಾಣುತ್ತದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) 2022ರಲ್ಲಿ 1,165 ವಾಣಿಜ್ಯ ಪೈಲಟ್ ಲೈಸೆನ್ಸ್‌ಗಳನ್ನು ನೀಡಿತ್ತು. 2023ರಲ್ಲಿ ಈ ಸಂಖ್ಯೆ 1,622ಕ್ಕೆ ಏರಿತು. ಆದರೆ ಲೈಸೆನ್ಸ್ ಪಡೆದವರೆಲ್ಲರಿಗೂ ನೌಕರಿ ಸಿಗುತ್ತಿಲ್ಲ. ಒಂದೆಡೆ ಅಭಾವದ ಕೂಗು, ಇನ್ನೊಂದೆಡೆ ಲೈಸೆನ್ಸ್ ಹಿಡಿದು ಮನೆಯಲ್ಲಿ ಕುಳಿತವರು. ಈ ವಿರೋಧಾಭಾಸದ ಅರ್ಥ ತಿಳಿಯಬೇಕಾದರೆ ಅಭ್ಯರ್ಥಿ ಸಾಗುವ ಹಾದಿಯನ್ನು ಗಮನಿಸಬೇಕು.

ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕೆಂಬುದು ರೂಢಿಯಲ್ಲಿರುವ ಅರ್ಹತೆ. ಬಳಿಕ ವೈದ್ಯಕೀಯ ಪರೀಕ್ಷೆ. ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಇದಕ್ಕೆ ಹೆಸರಾದ ಕೇಂದ್ರಗಳಲ್ಲೊಂದು. ನಂತರ ಹವಾಮಾನ, ನ್ಯಾವಿಗೇಶನ್, ವಾಯು ನಿಯಮಾವಳಿ ಮುಂತಾದ ವಿಷಯಗಳಲ್ಲಿ ಲಿಖಿತ ಪರೀಕ್ಷೆಗಳು. ಜೊತೆಗೆ 200 ಗಂಟೆಗಳ ಹಾರಾಟ. ದೇಶದ ಶಾಲೆಗಳಲ್ಲಿ ವಿಮಾನ ಮತ್ತು ಬೋಧಕರ ಕೊರತೆಯಿಂದ, ಮಳೆಗಾಲದ ಅಡಚಣೆಯಿಂದ ಈ 200 ಗಂಟೆ ಪೂರೈಸಲು ಎರಡು ವರ್ಷವೂ ಹಿಡಿಯುವುದುಂಟು. ಹಾಗಾಗಿ ಹಲವರು ಅಮೆರಿಕ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್‌ಗಳಿಗೆ ಹೋಗುತ್ತಾರೆ. ಅಲ್ಲಿ ಹಾರಾಟ ಬೇಗ ಮುಗಿಯುತ್ತದೆ. ಆದರೆ ಹಿಂತಿರುಗಿ ಆ ಲೈಸೆನ್ಸನ್ನು ಭಾರತದ ಲೈಸೆನ್ಸ್ ಆಗಿ ಪರಿವರ್ತಿಸಿಕೊಳ್ಳುವ ಕೆಲಸ ಬಾಕಿ ಉಳಿಯುತ್ತದೆ.

ವೆಚ್ಚ ಸುಮಾರು 50 ಲಕ್ಷ ರೂಪಾಯಿಯಿಂದ ಆರಂಭವಾಗುತ್ತದೆ. ವಿಮಾನಯಾನ ಸಂಸ್ಥೆಗಳು ತರಬೇತಿ ಶಾಲೆಗಳ ಸಹಯೋಗದಲ್ಲಿ ನಡೆಸುವ ಕೆಡೆಟ್ ಯೋಜನೆಗಳಲ್ಲಿ ಅದು ಒಂದು ಕೋಟಿಯನ್ನೂ ದಾಟುತ್ತದೆ. ಬ್ಯಾಂಕುಗಳ ಶಿಕ್ಷಣ ಸಾಲ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿ ಮೀರಿದರೆ ಅಡಮಾನ ಕೇಳುತ್ತದೆ. ಅಂದರೆ ಮಗ ಅಥವಾ ಮಗಳು ಪೈಲಟ್ ಆಗಬೇಕಾದರೆ ಮನೆಯ ಪತ್ರವೋ ಜಮೀನಿನ ಪಹಣಿಯೋ ಬ್ಯಾಂಕಿನ ಕಪಾಟು ಸೇರಬೇಕು.

ಇಷ್ಟಾದ ಮೇಲೆ ಸಂದರ್ಶನ. ಇಂಡಿಗೋ ಮತ್ತು ಏರ್ ಇಂಡಿಯಾ ಎರಡರ ಕೇಂದ್ರ ಕಚೇರಿಯೂ ದೆಹಲಿ ಬಳಿಯ ಗುರುಗ್ರಾಮದಲ್ಲಿದೆ. ರಾಜ್ಯದ ಅಭ್ಯರ್ಥಿಗೆ ಪ್ರತಿ ಹಂತವೂ ದೂರದ ಪ್ರಯಾಣ, ವಸತಿಗೃಹದ ವಾಸ. ಲಿಖಿತ ಪರೀಕ್ಷೆಯ ನಂತರ ಕಂಪ್ಯೂಟರ್ ಮುಂದೆ ಕೂರಿಸಿ ಮನೋಸಾಮರ್ಥ್ಯವನ್ನು ಅಳೆಯುತ್ತಾರೆ. ಒಂದು ಕೈಯಲ್ಲಿ ಜಾಯ್‌ಸ್ಟಿಕ್ ಹಿಡಿದು ಪರದೆಯ ಮೇಲಿನ ಚುಕ್ಕಿಯನ್ನು ಹಿಂಬಾಲಿಸುತ್ತಲೇ ಕಿವಿಗೆ ಬೀಳುವ ಲೆಕ್ಕಕ್ಕೆ ಉತ್ತರಿಸಬೇಕಾದ ಪರೀಕ್ಷೆಗಳು ಇವು. ಗುಂಪು ಚರ್ಚೆಯಲ್ಲಿ ಗಟ್ಟಿ ದನಿಯವನಿಗೆ ಅಂಕ ಸಿಗುತ್ತದೆಂಬ ನಂಬಿಕೆ ತಪ್ಪು. ಇತರರ ಮಾತನ್ನು ಕೇಳಿಸಿಕೊಳ್ಳುವವನನ್ನು ಆಯ್ಕೆಗಾರರು ಹುಡುಕುತ್ತಾರೆ. ಕಾಕ್‌ಪಿಟ್‌ನಲ್ಲಿ ಕೂರುವುದು ಇಬ್ಬರು ತಾನೆ! ಕೆಲವೆಡೆ ಸಿಮ್ಯುಲೇಟರ್ ಪರೀಕ್ಷೆಯೂ ಇರುತ್ತದೆ. ಕೊನೆಗೆ ಹಿರಿಯ ಕ್ಯಾಪ್ಟನ್‌ಗಳ ಮುಂದೆ ತಾಂತ್ರಿಕ ಸಂದರ್ಶನ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಲ್ಲಿ ವಿಷಯಕ್ಕಿಂತ ಇಂಗ್ಲಿಷೇ ತೊಡಕಾಗುವುದುಂಟು. ರೇಡಿಯೋ ಸಂಭಾಷಣೆ ಇಂಗ್ಲಿಷಿನಲ್ಲಿಯೇ ನಡೆಯುವುದರಿಂದ ಇದನ್ನು ಅನ್ಯಾಯವೆಂದು ದೂರುವಂತಿಲ್ಲ. ಆದರೆ ತರಬೇತಿ ಶಾಲೆಗಳು ಆ ಬಗ್ಗೆ ಮೊದಲೇ ಎಚ್ಚರಿಸುವುದು ಅಪರೂಪ.

ಆಯ್ಕೆಯಾದರೂ ಖರ್ಚು ನಿಲ್ಲುವುದಿಲ್ಲ. 200 ಗಂಟೆ ಹಾರಿಸಿದ್ದು ಪುಟ್ಟ ವಿಮಾನ. ಹಾರಿಸಬೇಕಾದದ್ದು ಏರ್‌ಬಸ್ ಎ320 ಅಥವಾ ಬೋಯಿಂಗ್ 737. ಅದಕ್ಕೆ 'ಟೈಪ್ ರೇಟಿಂಗ್' ಎಂಬ ಪ್ರತ್ಯೇಕ ತರಬೇತಿ ಬೇಕು. ಸಾರ್ವಜನಿಕ ವಲಯದ ಇಂಡಿಯನ್ ಏರ್‌ಲೈನ್ಸ್ ಕಾಲದಲ್ಲಿ ಆಯ್ಕೆಯಾದವರನ್ನು ಸಂಸ್ಥೆಯೇ ಹೈದರಾಬಾದಿನ ತನ್ನ ತರಬೇತಿ ಕೇಂದ್ರದಲ್ಲಿ ಸಜ್ಜುಗೊಳಿಸುತ್ತಿತ್ತು. ಇಂದು ಈ ಲಕ್ಷಗಟ್ಟಲೆ ವೆಚ್ಚ ಬಹುಮಟ್ಟಿಗೆ ಅಭ್ಯರ್ಥಿಯ ತಲೆಗೇ ಬಂದಿದೆ. ಕಾಯುವಿಕೆಗೂ ಬೆಲೆಯಿದೆ. ಇನ್‌ಸ್ಟ್ರುಮೆಂಟ್ ರೇಟಿಂಗ್ ಮತ್ತು ವೈದ್ಯಕೀಯ ಪ್ರಮಾಣಪತ್ರ ಎರಡನ್ನೂ ವರ್ಷಕ್ಕೊಮ್ಮೆ ನವೀಕರಿಸಬೇಕು. ನೌಕರಿಯಿಲ್ಲದವನು ಅದಕ್ಕೂ ಕೈಯಿಂದ ಹಣ ಹಾಕಬೇಕು.

ಹಾಗಾದರೆ ಅಭಾವ ಎಲ್ಲಿದೆ? 2025ರ ಡಿಸೆಂಬರ್‌ನಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಹೆಚ್ಚಿಸಿ, ರಾತ್ರಿ ಹಾರಾಟಕ್ಕೆ ಮಿತಿ ಹೇರಿದ ನಿಯಮಗಳ ಎರಡನೇ ಹಂತ ನವೆಂಬರ್ 1ರಿಂದ ಜಾರಿಯಾಗಿತ್ತು. ಅದಕ್ಕೆ ತಕ್ಕ ಸಿದ್ಧತೆ ಇಲ್ಲದ ಇಂಡಿಗೋ ಕೆಲವೇ ದಿನಗಳಲ್ಲಿ ಸಾವಿರಾರು ಹಾರಾಟಗಳನ್ನು ರದ್ದುಪಡಿಸಿತು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿಯೂ ಪ್ರಯಾಣಿಕರು ದಿನಗಟ್ಟಲೆ ಪರದಾಡಿದರು. ಆಗ ಹೊರಬಿದ್ದ ಲೆಕ್ಕ ಹೀಗಿತ್ತು: ಸಂಸ್ಥೆಯ ಎ320 ಪಡೆಗೆ ಬೇಕಿದ್ದ ಕ್ಯಾಪ್ಟನ್‌ಗಳು 2,422, ಇದ್ದವರು 2,357. ಬೇಕಿದ್ದ ಸಹಪೈಲಟ್‌ಗಳು 2,153, ಇದ್ದವರು 2,194. ಕೊರತೆಯಿದ್ದುದು ಕ್ಯಾಪ್ಟನ್ ಕೂರುವ ಎಡಗಡೆಯ ಆಸನಕ್ಕೆ. ಹೊಸಬರು ಬಂದು ಕೂರಬೇಕಾದ ಬಲಗಡೆಯ ಆಸನಕ್ಕೆ ಅಗತ್ಯಕ್ಕಿಂತ 41 ಮಂದಿ ಹೆಚ್ಚೇ ಇದ್ದರು.

ಕ್ಯಾಪ್ಟನ್ ಹುದ್ದೆಗೆ ಬೇಕಾದ ಲೈಸೆನ್ಸ್‌ಗೆ ಕನಿಷ್ಠ 1,500 ಗಂಟೆಗಳ ಹಾರಾಟ ಬೇಕು. ಸಂಸ್ಥೆಗಳು ಅದಕ್ಕಿಂತ ಹೆಚ್ಚಿನ ಅನುಭವ ಬಯಸುವುದರಿಂದ ಬಲದಿಂದ ಎಡಕ್ಕೆ ಸರಿಯಲು ಹಲವು ವರ್ಷಗಳೇ ಹಿಡಿಯುತ್ತವೆ. ಕ್ಯಾಪ್ಟನ್‌ಗಳನ್ನು ಆತುರದಿಂದ ತಯಾರಿಸಲಾಗದು, ತಯಾರಿಸಲೂಬಾರದು. ಅವರನ್ನು ಉಳಿಸಿಕೊಳ್ಳಲು 2017ರಲ್ಲಿ ರಾಜೀನಾಮೆ ನೋಟಿಸ್ ಅವಧಿಯನ್ನು ಕ್ಯಾಪ್ಟನ್‌ಗಳಿಗೆ ಒಂದು ವರ್ಷ, ಸಹಪೈಲಟ್‌ಗಳಿಗೆ ಆರು ತಿಂಗಳು ಎಂದು ನಿಗದಿಪಡಿಸಲಾಯಿತು. ಸಂಸ್ಥೆ ಮುಳುಗಿದಾಗ ನೌಕರನಿಗೆ ಅಂತಹ ನೋಟಿಸ್ ಯಾರೂ ಕೊಡಲಿಲ್ಲ. ಬೆಂಗಳೂರಿನ ಕಿಂಗ್‌ಫಿಶರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ಹಾರಾಟ ನಿಲ್ಲಿಸಿದವು. ಪ್ರತಿ ಬಾರಿಯೂ ಅನುಭವಿ ಸಹಪೈಲಟ್‌ಗಳು ಸಾಲಿನ ಮುಂಭಾಗಕ್ಕೆ ಬಂದು ನಿಂತರು. 200 ಗಂಟೆಯ ಹೊಸಬ ಮತ್ತಷ್ಟು ಹಿಂದೆ ಸರಿದ.

ರಾಜ್ಯದ ಮಟ್ಟಿಗೆ ಹೇಳುವುದಾದರೆ, ಮೈಸೂರು ಸಂಸ್ಥಾನದ ಕಾಲದ ಜಕ್ಕೂರು ಮೈದಾನದಲ್ಲಿ ಸರ್ಕಾರಿ ವಿಮಾನ ಹಾರಾಟ ತರಬೇತಿ ಶಾಲೆಯಿದೆ. ಬೋಧಕರ ಕೊರತೆಯಿಂದ ಅದು ಹಲವು ವರ್ಷ ಕುಂಟಿತು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹೊಸ ತರಬೇತಿ ಶಾಲೆಗಳಿಗೆ ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ ಮತ್ತು ಕಲಬುರಗಿ ಎರಡೂ ಸೇರಿದ್ದವು. ಮನೆಗೆ ಹತ್ತಿರದಲ್ಲಿ ಕಲಿಯುವ ಅವಕಾಶ ಸ್ವಾಗತಾರ್ಹ. ಆದರೆ 2025ರ ಅಕ್ಟೋಬರ್‌ನಲ್ಲಿ ಡಿಜಿಸಿಎ ಮೊದಲ ಬಾರಿಗೆ ದೇಶದ ತರಬೇತಿ ಶಾಲೆಗಳಿಗೆ ಶ್ರೇಣಿ ನೀಡಿದಾಗ ಅತ್ಯುನ್ನತ ದರ್ಜೆ ಒಂದು ಶಾಲೆಗೂ ದಕ್ಕಲಿಲ್ಲ.

ಶಾಲೆಗೆ ಶುಲ್ಕ ಕಟ್ಟುವ ಮುನ್ನ ಪಾಲಕರು ಕೇಳಬೇಕಾದ ಪ್ರಶ್ನೆ, ಕಳೆದ ಮೂರು ವರ್ಷಗಳಲ್ಲಿ ಅಲ್ಲಿ ಕಲಿತವರ ಪೈಕಿ ಎಷ್ಟು ಮಂದಿ ವಿಮಾನಯಾನ ಸಂಸ್ಥೆಗಳಲ್ಲಿ ಸಹಪೈಲಟ್ ಆದರು ಎಂಬುದು. ಈ ಲೆಕ್ಕವನ್ನು ಪ್ರತಿ ಶಾಲೆಯೂ ಪ್ರಕಟಿಸುವಂತೆ ಡಿಜಿಸಿಎ ಕಡ್ಡಾಯ ಮಾಡಬಹುದು. ಅದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಬ್ಯಾಂಕುಗಳಂತೂ ತರಬೇತಿ ಮುಗಿದ ಒಂದು ವರ್ಷಕ್ಕೆ ಸಾಮಾನ್ಯವಾಗಿ ಮೊದಲ ಕಂತು ಕೇಳುತ್ತವೆ, ಗುರುಗ್ರಾಮದಿಂದ ಕರೆ ಬಂದಿರಲಿ, ಬಾರದಿರಲಿ.