ಮೈನೋವಿನ ಮಾತಿನಲ್ಲಿ ಮನದ ಬೇನೆ

ಹಳ್ಳಿಗಾಡಿನ ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಸರದಿಗೆ ಕಾದು ಕುಳಿತ ವೃದ್ಧೆಯರ ಮಾತಿಗೆ ಕಿವಿಗೊಟ್ಟರೆ, ಕಾಲು ಸೆಳೆತ, ತಲೆಭಾರ, ಎದೆ ಡವಡವ, ಬೆಳಗಿನ ಜಾವದವರೆಗೂ ಹತ್ತದ ನಿದ್ದೆ, ಬಾಯಿಗೆ ಸೇರದ ಅನ್ನ ಎಂಬಿವೇ ಮತ್ತೆ ಮತ್ತೆ ಕೇಳಿಬರುತ್ತವೆಯೇ ಹೊರತು, ‘ಮನಸ್ಸಿಗೆ ನೆಮ್ಮದಿಯಿಲ್ಲ’ ಎಂಬ ಮಾತು ಹೊರಡುವುದು ಅತಿ ವಿರಳ. ವೈದ್ಯರು ರಕ್ತದೊತ್ತಡ ನೋಡಿ, ನೋವಿನ ಮಾತ್ರೆಯನ್ನೂ ಶಕ್ತಿಯ ಗುಳಿಗೆಯನ್ನೂ ಬರೆದುಕೊಡುತ್ತಾರೆ. ತಿಂಗಳು ತುಂಬುವ ಮುನ್ನವೇ ಆಕೆ ಅದೇ ನೋವಿನೊಡನೆ ಮರಳುತ್ತಾಳೆ. ಆ ನೋವು ಸುಳ್ಳಲ್ಲ. ಎಷ್ಟೋ ವೇಳೆ ಮನಸ್ಸು ಆಡಲಾರದ ಅಳಲನ್ನು ದೇಹವು ಆಡುತ್ತಿರುತ್ತದೆ.

2017–18ರಲ್ಲಿ ದೇಶಾದ್ಯಂತ ನಡೆದ ವೃದ್ಧಾಪ್ಯ ಸಮೀಕ್ಷೆಯಲ್ಲಿ, 60 ದಾಟಿದವರನ್ನು ರೋಗಲಕ್ಷಣಗಳ ಕುರಿತು ಒಂದೊಂದಾಗಿ ಪ್ರಶ್ನಿಸಿದಾಗ, ಶೇಕಡಾ 8ಕ್ಕೂ ಮಿಗಿಲಾದವರಲ್ಲಿ ತೀವ್ರ ಖಿನ್ನತೆಯ ಕುರುಹು ಕಂಡುಬಂದಿತು. ವೈದ್ಯರು ತಮ್ಮಲ್ಲಿ ಖಿನ್ನತೆಯನ್ನು ಗುರುತಿಸಿದ್ದಾರೆಂದು ಹೇಳಿದವರಾದರೋ ಶೇಕಡಾ 1ಕ್ಕೂ ಕಡಿಮೆ. ಪುರುಷರಿಗಿಂತ ಸ್ತ್ರೀಯರಲ್ಲಿ, ಅದರಲ್ಲಿಯೂ ಒಂಟಿಯಾಗಿರುವವರಲ್ಲಿ, ಈ ವ್ಯಾಧಿ ಅಧಿಕ.

ಇದಕ್ಕೆ ಕಾರಣವನ್ನು ಬಹುದೂರ ಅರಸಬೇಕಾದುದಿಲ್ಲ. ತನಗಿಂತ ಹಿರಿಯನಾದ ವರನನ್ನು ವರಿಸಿ, ಅವನಿಗಿಂತ ದೀರ್ಘಕಾಲ ಬಾಳುವ ಹೆಣ್ಣಿನ ಪಾಲಿಗೆ ವೈಧವ್ಯವು ಹೆಚ್ಚುಕಡಿಮೆ ನಿಶ್ಚಿತವಾದುದು. ನಿನ್ನೆಯವರೆಗೆ ಕೇರಿಯ ಹಸೆಗೆಲ್ಲ ಮುಂದಾಗಿ ನಿಂತು ಆರತಿ ಎತ್ತುತ್ತಿದ್ದವಳು, ಗಂಡನನ್ನು ಕಳೆದುಕೊಂಡ ಮರುದಿನದಿಂದ ಅರಿಸಿನ ಕುಂಕುಮಕ್ಕೂ ಬಾಗಿನಕ್ಕೂ ಹೊರತಾಗಿ, ಮೊಮ್ಮಗಳ ಮದುವೆಯಲ್ಲಿಯೂ ಕಂಬದ ಮರೆಯಲ್ಲಿ ನಿಲ್ಲುವಂತಾಗುವ ಮನೆಗಳು ಇಂದಿಗೂ ಉಂಟು. ಮಕ್ಕಳು ದೂರದ ನಗರಗಳಲ್ಲಿರುವುದನ್ನೇ ನಾವು ಏಕಾಂತವೆಂದು ಭಾವಿಸುತ್ತೇವೆ. ಆದರೆ ಕಿವಿ ಮಂದವಾಗಿ, ಕಣ್ಣಿಗೆ ಪೊರೆ ಬಂದು, ಎರಡನೆಯ ಸಲ ಕೇಳಿದರೆ ಸೊಸೆ ಸಿಡುಕುವಳೆಂಬ ಅಂಜಿಕೆಯಿಂದ ಕೇಳುವುದನ್ನೇ ಬಿಟ್ಟ ಮುದುಕಿ, ತುಂಬಿದ ಮನೆಯಲ್ಲಿ ಅನುಭವಿಸುವ ಏಕಾಂತವು ಅದಕ್ಕಿಂತ ಕಡಿಮೆಯದೆಂದು ನನಗೆ ತೋರದು. ಇದರ ಮೇಲೆ ‘ಅರುವತ್ತಕ್ಕೆ ಅರಳು ಮರಳು’ ಎಂಬ ಗಾದೆಯೊಂದನ್ನು ಎಸೆದು, ಚಿಕಿತ್ಸೆಗೆ ಬಗ್ಗಬಹುದಾದ ಬೇನೆಯನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುವ ನಮ್ಮ ವಾಡಿಕೆ ಕ್ರೂರವಾದುದು.

ವೃದ್ಧರಿಗೆ ಸರ್ಕಾರವು ನೀಡುವ ಸಂಧ್ಯಾ ಸುರಕ್ಷಾ ವೇತನವು ಕೈಗೆ ನಾಲ್ಕು ಕಾಸನ್ನು ಕೊಡುತ್ತದೆ, ಮಾತಿಗೆ ಜೊತೆಯನ್ನಲ್ಲ. ಸ್ತ್ರೀಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವನ್ನು ಒದಗಿಸುವ, 2023ರ ಜೂನಿನಲ್ಲಿ ಆರಂಭವಾದ ಶಕ್ತಿ ಯೋಜನೆಯ ವೆಚ್ಚದ ಬಗೆಗೆ ಯಾರು ಏನೇ ಹೇಳಲಿ, ಮಗನ ಮುಂದೆ ಕೈಯೊಡ್ಡದೆ ಮಗಳ ಊರಿಗೋ ಧರ್ಮಸ್ಥಳಕ್ಕೋ ಹೋಗಿಬರುವ ಸ್ವಾತಂತ್ರ್ಯವನ್ನು ಚಿಕಿತ್ಸೆಯ ಒಂದಂಶವೆಂದೇ ನಾನು ಎಣಿಸುತ್ತೇನೆ. ಹಾಗೆಯೇ, 1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವು 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮೇಲ್ಪಂಕ್ತಿಯಾದುದನ್ನು ನೆನೆದರೆ, ಮನೋವೈದ್ಯವನ್ನು ಹಳ್ಳಿಯ ಬಾಗಿಲಿಗೆ ಒಯ್ಯುವ ದಾರಿ ಈ ನಾಡಿಗೆ ಹೊಸದಲ್ಲ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯು ಸಕ್ಕರೆ ಕಾಯಿಲೆಯನ್ನು ವಿಚಾರಿಸುವಾಗಲೇ, ‘ಅಮ್ಮಾ, ಯಾವುದರಲ್ಲಾದರೂ ಮನಸ್ಸು ನಿಲ್ಲುತ್ತದೆಯೇ? ಯಾರೊಡನೆಯಾದರೂ ಮಾತಾಡುವಿರಾ?’ ಎಂದು ಕೇಳಿ ಉತ್ತರವನ್ನು ಬರೆದುಕೊಳ್ಳುವಂತೆ ಸರ್ಕಾರವು ವಿಧಿಸತಕ್ಕದ್ದು. ಅದಕ್ಕೆ ತಕ್ಕ ತರಬೇತಿಯನ್ನೂ ಸಂಭಾವನೆಯನ್ನೂ ಒದಗಿಸತಕ್ಕದ್ದು.

ಅಲ್ಲಿಯವರೆಗೆ, 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಸೇವೆಯಿದೆ; 14416ಕ್ಕೆ ಕರೆಮಾಡಿದರೆ ಕನ್ನಡದಲ್ಲಿಯೇ ಉಚಿತವಾಗಿ ಸಮಾಲೋಚನೆ ದೊರೆಯುತ್ತದೆ. ತಾನಾಗಿ ಕರೆಮಾಡಲು ತಿಳಿಯದ ಅಜ್ಜಿ ಮನೆಯಲ್ಲಿದ್ದರೆ, ಆಕೆಯ ಒಪ್ಪಿಗೆ ಪಡೆದು, ಓದುಗರೇ ಸಂಖ್ಯೆಯನ್ನೊತ್ತಿ ಫೋನನ್ನು ಆಕೆಯ ಕೈಗಿತ್ತು, ಆಕೆ ನಿಸ್ಸಂಕೋಚವಾಗಿ ಮಾತಾಡುವಂತೆ ತಾವು ಸ್ವಲ್ಪ ಹೊತ್ತು ಹೊರಗೆ ಕುಳಿತಿರಬೇಕೆಂದು ಪ್ರಾರ್ಥಿಸುತ್ತೇನೆ.